ತೊಟ್ಟಿಯ ಹೆಪ್ಪು

ಹೊಸ ಸೆಮಿಸ್ಟರಿನ ಮೊದಲ ದಿನ ಆ ಕಲಾ ಕಾಲೇಜಿನಲ್ಲಿ ಎರಡು ಸ್ವಾಗತ ನಡೆಯುತ್ತಿದ್ದವು. ಒಂದು ಸಭಾಂಗಣದಲ್ಲಿ, ಪ್ರಿನ್ಸಿಪಾಲರದು. ಅಲ್ಲಿ ತಪ್ಪದೆ ಮೈಕು ಕೆಡುತ್ತಿತ್ತು, ಹಿಂದಿನ ಸಾಲಿನವರು ತಪ್ಪದೆ ತೂಕಡಿಸುತ್ತಿದ್ದರು. ಇನ್ನೊಂದು ಹಿಂಬದಿಯ ಕುಂಬಾರಿಕೆ ಕೋಣೆಯಲ್ಲಿ, ಅಲ್ಲಿ ಕಲಿಸುವ ಮಣ್ಣಮ್ಮನದು. ಚಿತ್ರ ಬರೆಯುವವರಾಗಲಿ, ಬಟ್ಟೆಯ ವಿನ್ಯಾಸದವರಾಗಲಿ, ಕಂಪ್ಯೂಟರ್ ಮುಂದೆ ಕೂತು ಅಕ್ಷರ ತಿದ್ದುವವರಾಗಲಿ, ಹೊಸದಾಗಿ ಸೇರಿದವರೆಲ್ಲ ಅಲ್ಲಿಗೆ ಬಂದು ಒಮ್ಮೆ ಕೈ ಕೆಸರು ಮಾಡಿಕೊಳ್ಳಲೇಬೇಕು.

ಮಣ್ಣಮ್ಮ ಎಂಬುದು ಹುಡುಗರು ಇಟ್ಟ ಹೆಸರು. ಹೆತ್ತವರು ಇಟ್ಟದ್ದು ಸಂಬಳದ ಚೀಟಿಯ ಮೇಲೆ ಮಾತ್ರ ಉಳಿದಿತ್ತು.

ಕೋಣೆಯ ಮೂಲೆಯಲ್ಲೊಂದು ತೊಟ್ಟಿ. ಸೊಟ್ಟಗಾದ ಮಡಕೆ, ಕುಸಿದ ಹೂಜಿ, ಹಿಡಿ ಬಿದ್ದುಹೋದ ಲೋಟ, ಸುಡುವ ಮುನ್ನ ಹಾಳಾದದ್ದೆಲ್ಲ ಅದರ ನೀರಿಗೆ ಬಿದ್ದು ಕರಗಿ ಮತ್ತೆ ಮಣ್ಣಾಗುತ್ತಿತ್ತು. ಹೊಸ ಮಣ್ಣಿನ ಮೂಟೆ ಬಂದಾಗ ಅದಕ್ಕೆ ತೊಟ್ಟಿಯ ಹಳೆಯ ಮಣ್ಣು ಒಂದಿಷ್ಟು ಬೆರೆಸಬೇಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹಳೆಯದು ಸೇರಿದರೆ ಹೊಸದು ನಿಧಾನಕ್ಕೆ ಹುಳಿತು ಹದಕ್ಕೆ ಬರುತ್ತದೆ, ಹೇಳಿದ ಮಾತು ಕೇಳುತ್ತದೆ. ಮೊದಲ ದಿನ ಹೊಸಬರ ಕೈಯಲ್ಲೇ ಆ ಹೆಪ್ಪು ಹಾಕಿಸುವುದು ಅಲ್ಲಿನ ಪದ್ಧತಿ.

ಪದ್ಧತಿ ಶುರು ಮಾಡಿದವರು ಮಣ್ಣಮ್ಮನ ಗಂಡ. ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು, ಮನೆಯಲ್ಲಿ ಅವಳೂ. ಕಾಲೇಜು ಆರಂಭವಾದ ವರ್ಷ, ತಾವು ಕುಂಬಾರಿಕೆ ಕಲಿತ ಜಾಗದ ತೊಟ್ಟಿಯಿಂದ ಒಂದು ಮುದ್ದೆ ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ರೈಲಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಪಕ್ಕದಲ್ಲಿ ಕೂತವಳು ಹೊಸ ಹೆಂಡತಿ. "ನನ್ನ ಕೈ ಹಿಡಿಯೋದು ಬಿಟ್ಟು ಮಣ್ಣು ಹಿಡ್ಕೊಂಡು ಕೂತಿದ್ದೀರಲ್ಲ" ಎಂದು ಸಿಡುಕಿದರೆ, "ನೀನು ಒಣಗಲ್ಲ, ಇದು ಒಣಗುತ್ತೆ" ಎಂದಿದ್ದರು. ಆ ಮಾತನ್ನು ಮಣ್ಣಮ್ಮ ಕ್ಷಮಿಸಿಲ್ಲ, ಮರೆತೂ ಇಲ್ಲ.

ಮೇಷ್ಟ್ರ ಸ್ವಾಗತ ಭಾಷಣ ಪ್ರತಿ ಸಲವೂ ಅದೇ. "ಇಲ್ಲಿ ನಿಮ್ಮ ಮೊದಲನೇ ಮಡಕೆ ಹಾಳಾಗುತ್ತೆ. ಎರಡನೇದೂ ಹಾಳಾಗುತ್ತೆ. ಹೆದರ್ಕೋಬೇಡಿ, ತೊಟ್ಟಿ ಇದೆ." ಅಷ್ಟು ಹೇಳಿ ತೋಳು ಮಡಚುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಮಾತು ಹೇಳಬೇಕೆಂದು ಬಾಯಿ ತೆರೆದಾಗೆಲ್ಲ ಮಣ್ಣಮ್ಮನಿಗೆ ದನಿ ಹೊರಡುತ್ತಿರಲಿಲ್ಲ. ಸುಮ್ಮನೆ ತೊಟ್ಟಿಯ ಕಡೆ ಕೈ ತೋರಿಸಿಬಿಡುತ್ತಿದ್ದಳು.

ಕಪಾಟಿನ ಮೇಲಿನ ಹಲಗೆಯಲ್ಲಿ ಮೇಷ್ಟ್ರ ಕೊನೆಯ ಬಟ್ಟಲಿತ್ತು. ಒಣಗಲಿ ಎಂದು ಅಲ್ಲಿಟ್ಟು ಮನೆಗೆ ಹೋದವರು ಮರುದಿನ ಏಳಲಿಲ್ಲ. ಅದನ್ನು ಸುಟ್ಟು ಗಟ್ಟಿ ಮಾಡಿಕೊ ಎಂದು ಹೇಳದವರಿಲ್ಲ. ಭಟ್ಟಿಯಲ್ಲಿ ಬಿರಿದರೆ ಏನು ಗತಿ ಎಂದು ಅವಳಿಗೆ ಧೈರ್ಯ ಬರಲಿಲ್ಲ. "ಮುಂದಿನ ಸಲ ನೋಡೋಣ" ಎನ್ನುತ್ತಲೇ ಎಷ್ಟೋ ಸೆಮಿಸ್ಟರುಗಳು ಕಳೆದುಹೋದವು. ಬಟ್ಟಲು ಸುಡದ ಹಸಿ ಮಣ್ಣಾಗಿಯೇ ಉಳಿಯಿತು.

ಈ ಸಲ ಬೆಳಿಗ್ಗೆ ಮಣ್ಣಮ್ಮ ಬೀಗ ತೆಗೆಯಲು ಬಂದರೆ, ಕೋಣೆ ಆಗಲೇ ತೆರೆದಿತ್ತು. ಅಚ್ಚಿನ ಮೇಷ್ಟ್ರು ತೊಟ್ಟಿಯ ಪಕ್ಕ ನಿಂತಿದ್ದ. ಅವಳ ಹಳೆಯ ವಿದ್ಯಾರ್ಥಿ, ಈಗ ಅದೇ ಕಾಲೇಜಿನಲ್ಲಿ ಪ್ಲಾಸ್ಟರಿನಿಂದ ಅಚ್ಚು ತೆಗೆಯುವುದನ್ನು ಕಲಿಸುವವನು. ಮುಖ ಬಿಳಿಚಿಕೊಂಡಿತ್ತು.

"ಮೇಡಂ, ಒಂದು ತಪ್ಪಾಗಿದೆ."

"ಒಂದೇನಾ? ಹಾಗಾದ್ರೆ ಸುಧಾರಿಸಿದ್ದೀಯ."

ಅವನು ನಗಲಿಲ್ಲ. ರಜೆಯಲ್ಲಿ ಮಣ್ಣು ಹದ ಮಾಡಿಟ್ಟು ಮೇಡಂಗೆ ಖುಷಿ ಕೊಡೋಣ ಎಂದುಕೊಂಡಿದ್ದನಂತೆ. ತೊಟ್ಟಿಯ ಮಣ್ಣನ್ನೆಲ್ಲ ನೀರಾರಲೆಂದು ಪ್ಲಾಸ್ಟರ್ ಹಲಗೆಗಳ ಮೇಲೆ ಹರಡಿದ. ಅಲ್ಲಿಯವರೆಗೆ ಸರಿ. ಅದನ್ನು ಎತ್ತಬೇಕಾದದ್ದು ಮರದ ಪಟ್ಟಿಯಿಂದ. ಇವನು ಅವಸರಕ್ಕೆ ಕೈಗೆ ಸಿಕ್ಕ ಕಬ್ಬಿಣದ ಪಟ್ಟಿಯಿಂದ ಕೆರೆದ. ಹಲಗೆಯ ಪ್ಲಾಸ್ಟರೂ ಚೂರುಚೂರಾಗಿ ಎದ್ದು ಮಣ್ಣಿಗೆ ಸೇರಿತು. ಅದನ್ನು ನೋಡದೆ ಎಲ್ಲವನ್ನೂ ತೊಟ್ಟಿಗೆ ಸುರಿದು ಕಲಸಿಯೂ ಬಿಟ್ಟ.

"ಜರಡಿ ಹಿಡಿದೆ ಮೇಡಂ. ಆದ್ರೂ ಬೆರಳಿಗೆ ಸಿಗ್ತಾನೇ ಇದೆ."

ಮಣ್ಣಮ್ಮ ಒಂದು ಚಿಟಿಕೆ ತೆಗೆದು ಬೆರಳ ನಡುವೆ ಉಜ್ಜಿದಳು. ಚೂರು ಸಿಕ್ಕಿತು. ಪ್ಲಾಸ್ಟರ್ ಸೇರಿದ ಮಡಕೆ ಭಟ್ಟಿಯಿಂದ ನೆಟ್ಟಗೆ ಬಂದರೂ, ನಾಲ್ಕು ದಿನ ಬಿಟ್ಟು ತಾನಾಗಿಯೇ ಸಿಡಿಯುತ್ತದೆ. ರೈಲಿನಲ್ಲಿ ಬಂದ ಮುದ್ದೆ, ಅದಕ್ಕೆ ಸೇರಿದ ಅಷ್ಟೂ ವರ್ಷಗಳ ಕೈಗಳು, ಎಲ್ಲ ಇನ್ನು ಕಸ.

"ಮೊದಲ ವರ್ಷದ ಮಕ್ಕಳಿಗೆ ನೀನೇ ಹೇಳ್ತೀಯಲ್ಲಯ್ಯಾ, ಪ್ಲಾಸ್ಟರಿಗೆ ಕಬ್ಬಿಣ ಮುಟ್ಟಿಸಬೇಡಿ ಅಂತ. ಉಪಕಾರ ಮಾಡು ಅಂತ ನಿನ್ನನ್ನ ಕೇಳಿದ್ಯಾರು?"

ಅವನು ತಲೆ ತಗ್ಗಿಸಿದ. "ನನ್ನ ಮೊದಲನೇ ಮಡಕೆನೂ ಇದರಲ್ಲೇ ಇತ್ತು ಮೇಡಂ."

ಅವಳಿಗೆ ನೆನಪಾಯಿತು. ಮೂರನೆಯ ಸಲವೂ ಕುಸಿದಾಗ ಈ ಗಂಡಸು ಮಗುವಿನಂತೆ ಅತ್ತಿದ್ದ. ಮೇಷ್ಟ್ರು ಆ ಮುದ್ದೆಯನ್ನು ಎತ್ತಿ ತೊಟ್ಟಿಗೆ ಹಾಕಿ, "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನಮ್ಮಲ್ಲಿ ಕೈ ಕೆಸರಾದ್ರೆ ಅಂಗಿನೂ ಕೆಸರು, ಅಷ್ಟೇ" ಎಂದು ನಗಿಸಿದ್ದರು. ಸಿಟ್ಟು ಇಳಿಯಿತು. ಸಂಕಟ ಇಳಿಯಲಿಲ್ಲ.

"ಈ ಸಲ ಬರೀ ಹೊಸ ಮಣ್ಣಲ್ಲೇ ಶುರು ಮಾಡೋಣ ಮೇಡಂ. ಮಕ್ಕಳಿಗೆ ಏನು ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ."

ಆ ಮಣ್ಣು ಬೇರೆಲ್ಲೂ ಉಳಿದಿರಲಿಲ್ಲ. ಕಪಾಟಿನ ತುಂಬ ಅದರದೇ ಲೋಟ ತಟ್ಟೆಗಳಿದ್ದವು, ಆದರೆ ಸುಟ್ಟದ್ದು ಮತ್ತೆ ಕರಗುವುದಿಲ್ಲ. ಕರಗುವಂಥದ್ದು ಒಂದೇ ಇತ್ತು. ಅವಳ ಕಣ್ಣು ಮೇಲಿನ ಹಲಗೆಗೆ ಹೋದದ್ದನ್ನು ಅವನೂ ಕಂಡ.

"ಅದು ಬೇಡ ಮೇಡಂ. ನಿಮ್ಮ ಕಾಲಿಗೆ ಬೀಳ್ತೀನಿ."

"ಕಾಲಿಗೆ ಬೀಳೋದು ಆಮೇಲೆ. ಮೊದಲು ಆ ತೊಟ್ಟಿ ಖಾಲಿ ಮಾಡಿ ಚೆನ್ನಾಗಿ ತೊಳಿ."

ಸಭಾಂಗಣದಲ್ಲಿ ಮೈಕು ಕೆಟ್ಟು, ತೂಕಡಿಕೆ ಮುಗಿದು, ಹೊಸಬರು ಗುಂಪಾಗಿ ಬಂದಾಗ ತೊಟ್ಟಿಯ ತಳದಲ್ಲಿ ತಿಳಿ ನೀರು ಮಾತ್ರ ಇತ್ತು. ಮಣ್ಣಮ್ಮ ಸ್ಟೂಲು ಹತ್ತಿ ಬಟ್ಟಲನ್ನು ಇಳಿಸಿದಳು. ಒಳಗೆ ತಳದಲ್ಲಿ ಮೇಷ್ಟ್ರ ಹೆಬ್ಬೆರಳು ಒತ್ತಿದ ಗುಳಿ ಹಾಗೇ ಇತ್ತು. ಅದರಲ್ಲಿ ತನ್ನ ಹೆಬ್ಬೆರಳು ಇಟ್ಟು ನೋಡಿದಳು. ಅವರದು ದೊಡ್ಡ ಬೆರಳು, ಯಾವತ್ತಿನಂತೆ ಸುತ್ತ ಜಾಗ ಉಳಿಯಿತು. ಕೊಡಲು ಮನಸ್ಸಿರಲಿಲ್ಲ, ಒಂದಿಷ್ಟೂ ಇರಲಿಲ್ಲ. ಆದರೂ ಬಗ್ಗಿ ಬಟ್ಟಲನ್ನು ನೀರಿಗೆ ಬಿಟ್ಟಳು.

ಸಣ್ಣ ಗುಳ್ಳೆಗಳೆದ್ದವು. ಅಂಚು ಮೊದಲು ಕಳಚಿತು, ಆಮೇಲೆ ಪಕ್ಕೆ. ಗುಳಿಯಿದ್ದ ತಳ ಸ್ವಲ್ಪ ಹೊತ್ತು ತಡೆಯಿತು, ನೀರು ಕದಡಿ ಅದೂ ಕಾಣದಾಯಿತು. ಹೊಸಬರು ತೊಟ್ಟಿಯ ಸುತ್ತ ಬಗ್ಗಿ ನೋಡುತ್ತಿದ್ದರು. ಅಚ್ಚಿನ ಮೇಷ್ಟ್ರು ಬಾಗಿಲ ಬಳಿ ಬೆನ್ನು ತಿರುಗಿಸಿ ನಿಂತಿದ್ದ.

"ಇಲ್ಲಿ ನಿಮ್ಮ ಮೊದಲನೇ ಮಡಕೆ ಹಾಳಾಗುತ್ತೆ" ಎಂದಳು ಮಣ್ಣಮ್ಮ. ದನಿ ನಡುಗಿತು, ಆದರೆ ಬಂತು. "ಎರಡನೇದೂ ಹಾಳಾಗುತ್ತೆ. ಹೆದರ್ಕೋಬೇಡಿ, ತೊಟ್ಟಿ ಇದೆ."

ಆಮೇಲೆ ಒಬ್ಬೊಬ್ಬರಾಗಿ ಬಂದು, ಕರಗಿದ ಮಣ್ಣನ್ನು ಬೊಗಸೆಯಲ್ಲಿ ಎತ್ತಿ ಹೊಸ ಮಣ್ಣಿಗೆ ಬೆರೆಸಿ ನಾದಿದರು. ಮಣ್ಣಮ್ಮ ಮರದ ಪಟ್ಟಿಯನ್ನು ಅಚ್ಚಿನ ಮೇಷ್ಟ್ರ ಕೈಗೆ ಕೊಟ್ಟು, "ಇದಕ್ಕೆ ಮರ ಅಂತಾರೆ, ಸರಿಯಾಗಿ ನೋಡ್ಕೋ" ಎಂದಳು. ಅವನು ಕಣ್ಣೊರೆಸಿಕೊಂಡು ನಕ್ಕ.

ಮಧ್ಯಾಹ್ನದ ಹೊತ್ತಿಗೆ ತಿಗರಿಯ ಚಕ್ರಗಳು ತಿರುಗತೊಡಗಿದವು. ಮೊದಲು ಸೋತವಳು ಕನ್ನಡಕದ ಹುಡುಗಿ. ಅವಳ ಮಡಕೆ ಒಂದು ಸುತ್ತು ಚೆಂದವಾಗಿ ಎದ್ದು, ಸೊಟ್ಟಗಾಗಿ ಕುಸಿದೇಬಿಟ್ಟಿತು. ಮುದ್ದೆಯನ್ನು ಎರಡೂ ಕೈಯಲ್ಲಿ ಹಿಡಿದು, ಅಳು ನುಂಗುತ್ತ ತೊಟ್ಟಿಯ ಬಳಿ ಬಂದಳು. ತಳದಲ್ಲಿ ಉಳಿದಿದ್ದ ಇಷ್ಟೇ ಇಷ್ಟು ಕೆಸರು ನೀರನ್ನು ನೋಡಿ ಅನುಮಾನಿಸಿದಳು.

"ಇದನ್ನ ನಿಜವಾಗ್ಲೂ ಇಲ್ಲಿ ಹಾಕ್ಲಾ ಮೇಡಂ?"

"ಹಾಕು ಮಗಳೇ" ಎಂದಳು ಮಣ್ಣಮ್ಮ. "ಅಲ್ಲಿ ಅವರೊಬ್ಬರೇ ಇದ್ದಾರೆ."