ಎಡಮೂಲೆಯ ಹೆಸರು

ಬೊಲೋನ್ಯಾದಲ್ಲಿ ಅಚ್ಚಿನ ಚಿತ್ರದ ಅಡಿಯಲ್ಲಿ ಎರಡು ಹೆಸರಿರಬೇಕು: ಎಡಕ್ಕೆ ಕಲ್ಪಿಸಿ ಬರೆದವರದು, ಬಲಕ್ಕೆ ತಾಮ್ರದಲ್ಲಿ ಕೆತ್ತಿದವರದು. ಲತ್ತಾಂಜಿಯೊ ಎರಡೂ ಕಡೆ ತನ್ನ ಹೆಸರನ್ನೇ ಕೆತ್ತಿಬಿಟ್ಟಿದ್ದ. ಕಲ್ಪನೆ ಅವನ ಅಕ್ಕ ಒರ್ಸಿನಾಳದು. ಹೆಂಗಸಿನ ಹೆಸರಿಗೆ ಬೆಲೆಯಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಹೆಸರಾದ ಚಿತ್ರಗಾರ್ತಿಯರಿದ್ದ ಊರಲ್ಲಿ ಆ ನೆಪ ನಿಲ್ಲುವುದುಂಟೆ? ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚು.

ಚಿತ್ರ ಪಾದ್ರಿ ಸಾಂತಿನೆಲ್ಲಿಯವರ ಪುಸ್ತಕದ ಮೊದಲ ಪುಟಕ್ಕೆ. ಚಿತ್ರಕಲೆಯೇ ಹೆಣ್ಣಾಗಿ ಕೂತಿದ್ದಾಳೆ: ಕೆದರಿದ ಕೂದಲು, ಕೈಯಲ್ಲಿ ಕುಂಚ, ಕೊರಳ ಸರದಲ್ಲಿ ಪುಟ್ಟ ಮುಖವಾಡ, ಬಾಯಿಗೆ ಬಟ್ಟೆ. ಚಿತ್ರ ಮಾತಿಲ್ಲದೆ ಹೇಳುತ್ತದೆಂದು ಹಾಗೆ ಕಟ್ಟುವುದು ವಾಡಿಕೆ. ಅಚ್ಚುಮನೆಗೆ ಬಂದಿದ್ದ ಪಾದ್ರಿಗಳು ಇನ್ನೂ ಒದ್ದೆಯಿದ್ದ ಮೊದಲ ಅಚ್ಚನ್ನು ಬೆಳಕಿಗೆ ಹಿಡಿದರು.

"ಹಲ್ಲುನೋವು ಬಂದೋಳ ಥರ ಇದಾಳಲ್ಲಯ್ಯ. ಬಟ್ಟೆ ತೆಗಿ. ಬಾಯಿ ಹೇಗಿರುತ್ತೆ, ಇಲ್ಲೇ ಬರೆದು ತೋರ್ಸು."

ಲತ್ತಾಂಜಿಯೊ ಇದ್ದಿಲಕಡ್ಡಿ ಹಿಡಿದ. ಇದ್ದ ಗೆರೆಯನ್ನು ಕೂದಲೆಳೆ ತಪ್ಪದೆ ತಾಮ್ರಕ್ಕಿಳಿಸುವ ಕೈ ಅದು. ಇಲ್ಲದ ತುಟಿಯನ್ನು ಎಲ್ಲಿಂದ ತಂದೀತು? ಕಡ್ಡಿ ಹಾಳೆಯನ್ನು ಮುಟ್ಟಲಿಲ್ಲ. ಅತ್ತ ಅಚ್ಚಿಗೆ ಹಾಳೆ ನೆನೆಸುತ್ತಿದ್ದ ಅಕ್ಕ ಆ ಎಡಮೂಲೆಯ ಹೆಸರನ್ನು ತಾಮ್ರದ ಮೇಲೆ ತಿರುಗುಮುರುಗಾಗಿದ್ದಾಗಲೇ ಓದಿದ್ದಳು. ಅದೂ ಅವನಿಗೆ ಗೊತ್ತಿತ್ತು.

"ಅವನ ಮಣಿಕಟ್ಟು ಉಳುಕಿದೆ, ಸ್ವಾಮಿ," ಎನ್ನುತ್ತ ಒರ್ಸಿನಾ ಕೈ ಒರೆಸಿಕೊಂಡು ಬಂದಳು. "ಅವನು ಹೇಳ್ಲಿ, ನಾನು ಬರೀತೀನಿ. ಹೇಳಪ್ಪ, ತುಟಿ ಹೇಗಿರ್ಲಿ?"

"ಸ್ವಲ್ಪ ತೆರೆದಿರ್ಲಿ," ಎಂದ ಲತ್ತಾಂಜಿಯೊ.

ಅವಳು ಬೇರೆ ಹಾಳೆಯ ಮೇಲೆ ಮುಚ್ಚಿದ ತುಟಿ ಬರೆದಳು. ಬಂದ ಮಾತನ್ನು ನುಂಗಿಕೊಂಡ ತುಟಿ.

ಅವನು ಹೇಳಿದ್ದೇನು, ಅವಳು ಬರೆದದ್ದೇನು ಎಂದು ಗಮನಿಸದೆ ಪಾದ್ರಿಗಳು ತಲೆದೂಗಿದರು. "ಭೇಷ್. ಕಲ್ಪನೆ ಅಂದ್ರೆ ಇದು. ಅಕ್ಕನ ಕೈನೂ ಚೆನ್ನಾಗಿ ಪಳಗಿಸಿದ್ದೀಯ ಕಣಯ್ಯ."

ಲತ್ತಾಂಜಿಯೊ ನಕ್ಕ. ನಗಬಾರದಿತ್ತು, ಆದರೂ ನಕ್ಕ. ಜೀವಮಾನದಲ್ಲಿ ಅಷ್ಟು ನಾಚಿಕೆ ಅವನಿಗೆ ಆಗಿರಲಿಲ್ಲ.

ಪಾದ್ರಿಗಳು ಮೊದಲ ಅಚ್ಚನ್ನು ಹಿಡಿದುಕೊಂಡೇ ಮೆಟ್ಟಿಲಿಳಿದರು. ಅವನು ತಾಮ್ರ ಹೆರೆಯುವ ಉಳಿ ಎತ್ತಿಕೊಂಡ. "ತಪ್ಪಾಯ್ತು, ಅಕ್ಕ. ಹೆರೆದು ನಿನ್ನ ಹೆಸರು ಹಾಕ್ತೀನಿ. ನನ್ನ ಮಾನ ಉಳಿಸ್ದೆ."

"ನಿನ್ನ ಮಾನ ಯಾರಿಗೆ ಬೇಕಿತ್ತು?" ಅವಳು ತುಟಿಯ ಕೆಳಗಿನ ನೆರಳನ್ನು ಬೆರಳಲ್ಲಿ ತೀಡುತ್ತಿದ್ದಳು. "ನೀನು ಬರೆದಿದ್ರೆ ಅವಳ ಮುಖ ಕೆಡ್ತಿತ್ತು, ಅದಕ್ಕೆ ಬಂದೆ. ಹೆಸರು ಹಾಕು. ಆದ್ರೆ ಹೆಸರು ಯಾಕೆ ಬದಲಾಯ್ತು ಅಂತ ಅವ್ರಿಗೆ ನೀನೇ ಹೇಳ್ಬೇಕು. ಇನ್ನೂ ಬೀದಿ ದಾಟಿಲ್ಲ, ಹೋಗು."

ಅವನು ಬಾಗಿಲಿಗೆ ಓಡಿದ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ಪಾದ್ರಿಗಳು ಎದುರಾದ ಯಾರಿಗೋ ಹಾಳೆ ತೋರಿಸುತ್ತ ನಿಂತಿದ್ದರು. ಲತ್ತಾಂಜಿಯೊ ಹೊಸ್ತಿಲ ಮೇಲೆ ನಿಂತು, ಅವರು ಹೊರಡುವವರೆಗೂ ನೋಡಿದ.