ಅಡುಗೆಮನೆಯ ಗೋಡೆಯ ಗೀಟುಗಳು

ಆ ಮನೆಯ ಸೊಸೆ ಆಸ್ಪತ್ರೆಯಲ್ಲಿ ನರ್ಸು. ಅತ್ತೆ ಅವಳನ್ನು ಕರೆಯುತ್ತಿದ್ದುದೇ ನರ್ಸಮ್ಮ ಎಂದು. ಅತ್ತೆಗೆ ಉರಿಮೂತ್ರ ಬಂದು ವಾಸಿಯಾದ ಮೇಲೆ ಸೊಸೆ ಅಡುಗೆಮನೆಯ ಗೋಡೆಗೊಂದು ಹಾಳೆ ಅಂಟಿಸಿದಳು. ಒಂದು ಲೋಟ ನೀರಿಗೆ ಒಂದು ಗೀಟು, ದಿನಕ್ಕೆ ಎಂಟು.

"ಮನೆಗೆ ಸೊಸೆ ಬಂದಳು ಅಂದ್ಕೊಂಡಿದ್ದೆ, ವಾರ್ಡೇ ಬಂದುಬಿಟ್ಟಿದೆ," ಎಂದು ಅತ್ತೆ ಮೂತಿ ತಿರುವಿದರು. ಪೆನ್ಸಿಲನ್ನು ಮಾತ್ರ ಕೈಗೆತ್ತಿಕೊಂಡರು.

ಸಂಜೆ ಡ್ಯೂಟಿ ಮುಗಿಸಿ ಬಂದ ಸೊಸೆ ಚಪ್ಪಲಿ ಬಿಡುತ್ತಲೇ ಕೇಳುವಳು: "ನೀರು ಕುಡಿದ್ರಾ ಅತ್ತೆ?"

"ನಿನ್ನೆಗಿಂತ ಒಂದು ಜಾಸ್ತಿ."

"ಭೇಷ್," ಎನ್ನುತ್ತ ಅವಳು ಬಚ್ಚಲಿಗೆ ನಡೆಯುವಳು.

ಮೂರು ವಾರ ತುಂಬುವ ಮೊದಲೇ ಒಂದು ಬೆಳಿಗ್ಗೆ ಅತ್ತೆ ತಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನೇ ನೋಡಿ, "ಅಣ್ಣಾ, ಯಾವಾಗ ಬಂದೆ?" ಎಂದರು. ಮಗ ತಮಾಷೆಯೆಂದು ನಕ್ಕ. ಆಮೇಲೆ ಅತ್ತೆಗೆ ವಾಂತಿಯಾಯಿತು. ಹನ್ನೊಂದು ಗಂಟೆಗೆ ಕೈಕಾಲು ಸೆಟೆದು ಬಿದ್ದರು.

ಸೊಸೆಯ ವಾರ್ಡಿಗೇ ತಂದರು. ರಕ್ತದ ವರದಿ ಬಂತು. ನೂರ ಮೂವತ್ತೈದಾದರೂ ಇರಬೇಕಿದ್ದ ಸೋಡಿಯಂ ನೂರ ಹನ್ನೊಂದು. ರಕ್ತದ ಉಪ್ಪು ತೆಳುವಾಗಿ ಮಿದುಳು ಊದಿಕೊಂಡಿದೆ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಬೀಪಿಗೆ ಮೂತ್ರ ಹೋಗೋ ಮಾತ್ರೆ ತಗೋತಾರೆ, ಅದೂ ಉಪ್ಪು ಇಳಿಸುತ್ತೆ, ಸರಿ. ನೀರೆಷ್ಟು ಕುಡೀತಾರೆ?" ಡಾಕ್ಟರು ಕೇಳಿದರು.

"ಎಂಟು ಲೋಟ ಸರ್. ನಾನೇ ಚಾರ್ಟ್ ಹಾಕಿದೀನಿ."

"ಹಾಗಾದ್ರೆ ಅದನ್ನ ತರಿಸಿ."

ಗಂಡ ಹಾಳೆ ತಂದ. ಮೊದಲ ದಿನ ಎಂಟು ಗೀಟು. ಮರುದಿನ ಒಂಬತ್ತು. ಆಮೇಲೆ ಹತ್ತು. ನಿನ್ನೆಯ ಸಾಲು ಅಂಚು ಮುಟ್ಟಿ, ಜಾಗ ಸಾಲದೆ ಹಾಳೆಯ ಹಿಂಬದಿಗೆ ಹೊರಳಿತ್ತು. ಅವಳು ಎಣಿಸಿದಳು. ಮತ್ತೆ ಎಣಿಸಿದಳು. ಇಪ್ಪತ್ತಾರು.

ಮೂವತ್ತು ಹಾಸಿಗೆಗಳ ಚಾರ್ಟನ್ನು ಕಣ್ಣಲ್ಲಿ ಕಣ್ಣಿಟ್ಟು ಓದುವವಳು ತನ್ನ ಮನೆಯ ಒಂದು ಹಾಳೆಯನ್ನು ಒಂದು ದಿನವೂ ಓದಿರಲಿಲ್ಲ.

"ನೀನು ಭೇಷ್ ಅಂತಿದ್ದೆಯಲ್ಲ," ಗಂಡ ಮೆಲ್ಲಗೆ ಹೇಳಿದ. "ಲೆಕ್ಕ ಸಾಲದಿದ್ರೆ ನೀನು ಬರೋ ಹೊತ್ತಿಗೆ ನಿಂತ್ಕೊಂಡೇ ಎರಡು ಲೋಟ ಏರಿಸೋಳು ಅಮ್ಮ."

ಅವನ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಅವಳಿಗೆ ಉಸಿರಾಡಲು ಸುಲಭವಾಗುತ್ತಿತ್ತೇನೋ.

ಉಪ್ಪಿನ ದ್ರಾವಣ ಹನಿಹನಿಯಾಗಿ ಏರಿತು. ಅವಸರ ಮಾಡಿದರೆ ಮಿದುಳಿಗೇ ಪೆಟ್ಟು. ಅವಳು ಪಕ್ಕದಲ್ಲಿ ಕೂತು ಹನಿ ಎಣಿಸಿದಳು. ದೇವರನ್ನು ನೆನೆದಳು, ಆದರೆ ಬದುಕಿಸು ಎಂದು ಬೇಡಲೂ ನಾಲಗೆ ಏಳಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅತ್ತೆ ಕಣ್ಣುಬಿಟ್ಟರು. ಸುತ್ತ ನೋಡಿದರು. ನೋಟ ಸೊಸೆಯ ಮೇಲೆ ನಿಂತಿತು.

"ನರ್ಸಮ್ಮಾ."

ಅತ್ತೆಗೆ ಗುರುತು ಸಿಕ್ಕಿತ್ತು.

"ಇವತ್ತು ಒಂದು ಗೀಟೂ ಆಗಿಲ್ಲ ಕಣೆ. ನೀರು ಕೊಡು."

"ಈಗ ಬೇಡ ಅತ್ತೆ."

"ನೀನೇ ಹೇಳಿದ್ದಲ್ಲವಾ?"

"ಹೌದು ಅತ್ತೆ, ನಾನೇ ಹೇಳಿದ್ದು," ಎಂದು ಅವಳು ಒದ್ದೆ ಹತ್ತಿಯಿಂದ ಆ ಒಣ ತುಟಿಗಳನ್ನು ಒರೆಸಿದಳು.