ಅಬ್ರಾಫಿಯ ಬೀಗವಿಲ್ಲದ ಹಾಟ್‌ಸ್ಪಾಟ್

ಕುಮಾಸಿಯ ನಮ್ಮ ಓಣಿಯಲ್ಲಿ ಅಬ್ರಾಫಿಯಷ್ಟು ಧಾರಾಳಿ ಇನ್ನೊಬ್ಬಳಿಲ್ಲ. ಅವಳ ಹೊಲಿಗೆ ಅಂಗಡಿಗೆ ಬಂದವರಿಗೆಲ್ಲ ಫೋನಿನ ಹಾಟ್‌ಸ್ಪಾಟ್ ಪುಕ್ಕಟೆ. ಪಾಸ್‌ವರ್ಡ್ ಇಡು ಎಂದು ಪಕ್ಕದಲ್ಲೇ ಫುಫು ಮುದ್ದೆ ಮಾರುವ ನಾನು ಹೇಳಿ ಹೇಳಿ ಸೋತಿದ್ದೆ.

“ಊಟಕ್ಕೆ ಕೂತಾಗ ಬಾಗಿಲು ಹಾಕ್ಕೊಳ್ತೀಯೇನೆ ನೀನು?” ಎಂದು ನನ್ನ ಬಾಯಿಯನ್ನೇ ಮುಚ್ಚಿಸುತ್ತಿದ್ದಳು.

ಆ ಶನಿವಾರ ಅವಳ ಮಗಳು ಡೂಫಿಯನ್ನು ಕೇಳಲು ಗಂಡಿನ ಕಡೆಯವರು ಬಂದರು. ಪದ್ಧತಿಯಂತೆ ಬಾಗಿಲು ತಟ್ಟಿ, ಎರಡು ಬಾಟಲಿ ಷ್ನಾಪ್ಸ್ ಮದ್ಯ ಮುಂದಿಟ್ಟು ಕೂತರು. ಹುಡುಗಿಯ ಸೋದರಮಾವ ಹೂಂ ಎನ್ನದೆ ನಮ್ಮಲ್ಲಿ ಮಾತು ಮುಂದೆ ಹೋಗುವುದಿಲ್ಲ. ಮಾವ ಅಂಪಾಡುವೋ ಕಾಲು ಮುರಿದುಕೊಂಡು ದೂರದ ತಮಾಲೆಯಲ್ಲಿ ಮಲಗಿದ್ದ. ಅಬ್ರಾಫಿಯ ಫೋನಿನಲ್ಲಿ ಅವನ ಮುಖ ಬಂತು. “ನಾನು ಈ ಸಂಬಂಧಕ್ಕೆ...” ಎಂದವನು ಬಾಯಿ ತೆರೆದಂತೆಯೇ ಪರದೆಯ ಮೇಲೆ ನಿಂತುಬಿಟ್ಟ.

ಮೂರು ಸಲ ಹೀಗೇ ಆಯಿತು. ಇವತ್ತು ಉತ್ತರ ಸಿಗದಿದ್ದರೆ ಒಲ್ಲೆ ಎಂದೇ ತಿಳಿಯುತ್ತೇವೆ ಎಂದರು ಗಂಡಿನ ಚಿಕ್ಕಪ್ಪ. ಅಬ್ರಾಫಿಯ ಮುಖ ಬಾಡಿತು.

ಡೂಫಿ ಫೋನ್ ಇಸಿದುಕೊಂಡಳು. “ಅಮ್ಮಾ, ನಿನ್ನ ಹಾಟ್‌ಸ್ಪಾಟ್‌ನಲ್ಲಿ ಎಂಟು ಜನ ಇದ್ದಾರೆ! ಅದಕ್ಕೇ ಮಾವ ನಿಂತು ನಿಂತು ಹೋಗ್ತಿರೋದು.”

ಸುತ್ತ ನೋಡಿದೆ. ಗಂಡಿನ ಕಡೆಯವರೆಲ್ಲ ತೊಡೆಯ ಮೇಲೆ ಫೋನ್ ಇಟ್ಟುಕೊಂಡು ಫುಟ್‌ಬಾಲ್ ನೋಡುತ್ತಿದ್ದರು!

“ಏನ್ರಪ್ಪಾ, ಹುಡುಗಿಗೆ ಬಾಗಿಲು ತಟ್ಟಿದ್ರಿ, ನೆಟ್‌ಗೆ ತಟ್ಟೋದು ಬೇಡ್ವಾ?” ಎಂದೆ.

ಚಿಕ್ಕಪ್ಪ ಕೆಮ್ಮಿದರು.

“ಇಲ್ಲಿ ಸೆಕ್ಯುರಿಟಿ ‘ಇಲ್ಲ’ ಅಂತಿದೆ ಅಮ್ಮಾ. ಅಂದ್ರೆ ಬಾಗಿಲೇ ಇಲ್ಲ. ಡಬ್ಲ್ಯೂಪಿಎ ಟೂ ಅಂದ್ರೆ ಬೀಗ, ತ್ರೀ ಅಂದ್ರೆ ಇನ್ನೂ ಗಟ್ಟಿ ಬೀಗ. ಯಾವುದು ಹಾಕ್ಲಿ?”

“ಗಟ್ಟೀದೇ ಹಾಕೇ. ಒಂದು ನರಪಿಳ್ಳೆಯೂ ಒಳಗೆ ಬರಬಾರದು!” ಇಷ್ಟು ವರ್ಷದ ಧಾರಾಳತನ ಒಂದೇ ಗಳಿಗೆಯಲ್ಲಿ ಗಂಟುಮೂಟೆ ಕಟ್ಟಿತು.

ಡೂಫಿ ಹೊಸ ಪಾಸ್‌ವರ್ಡ್ ಒತ್ತಿ, ಇನ್ನೇನನ್ನೋ ಒತ್ತಿ, ಫೋನ್ ವಾಪಸ್ ಕೊಟ್ಟಳು. ಮಾವನ ತುಟಿ ಮತ್ತೆ ಅಲುಗಿತು. ಅಬ್ರಾಫಿ ಪರದೆಯ ಮೇಲೆ ಬಗ್ಗಿದಳು.

“ಲೇ, ಇನ್ನೂ ಒಬ್ಬ ಒಳಗೇ ಇದ್ದಾನಲ್ಲೇ! ಫ್ರಿಂಪಾಂಗ್ ಅಂತಿದೆ ಹೆಸರು.”

ಗಂಡು ಫ್ರಿಂಪಾಂಗ್ ನೆಲ ನೋಡಿದ. ಡೂಫಿ ಸೂರು ನೋಡಿದಳು.

“ಪಾಸ್‌ವರ್ಡ್ ಯಾವಾಗ ಹೇಳ್ದೆಯೇ ಅವನಿಗೆ?”

“ಈಗಷ್ಟೇ. ಮೆಸೇಜ್ ಮಾಡ್ದೆ.”

ತಮಾಲೆಯಿಂದ ಮಾವನ ನಗು ಒಂದಿಷ್ಟೂ ತಡೆಯದೆ ಬಂತು. “ಹುಡುಗಿ ಆಗಲೇ ಕೀಲಿಕೈ ಕೊಟ್ಟಾಯ್ತು, ಇನ್ನು ನನ್ನೇನ್ರೋ ಕೇಳ್ತೀರಾ? ಹೂಂ, ಹೂಂ, ಹೂಂ!”